ಬಾಣಾವರದ ರೈಲು ಕೂಗದ ದಿನ

ಟೀವಿಯ ಪಕ್ಕ ಸೀಡಿ ಪ್ಲೇಯರ್ ಇಟ್ಟು, ಧೂಳು ಕೂರದಂತೆ ಕಸೂತಿ ಬಟ್ಟೆ ಹೊದಿಸಿ, ಮನೆಗೆ ಬಂದವರಿಗೆಲ್ಲ ಆ ಬಟ್ಟೆ ಎತ್ತಿ ತೋರಿಸುತ್ತಿದ್ದ ಕಾಲ ಅದು. ಮೊಬೈಲು ಬಂದಿತ್ತು, ಆದರೆ ಅದರಲ್ಲಿ ಮಾತಾಡಬಹುದಿತ್ತು ಅಷ್ಟೆ. ಸಿನಿಮಾ ಅರ್ಧಕ್ಕೆ ನಿಂತರೆ ಸೀಡಿಯನ್ನು ತೆಗೆದು, ಉಫ್ ಎಂದು ಊದಿ, ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕುತ್ತಿದ್ದೆವು. ಒರೆಸಿದಷ್ಟೂ ಗೀರು ಹೆಚ್ಚುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಒರೆಸುತ್ತಿದ್ದೆವು ಬಿಡಿ.

ನಮ್ಮದು ಅರಸೀಕೆರೆಗೂ ಬಾಣಾವರಕ್ಕೂ ನಡುವೆ, ರೈಲು ಹಳಿಯಿಂದ ಕೂಗಳತೆಯಲ್ಲಿದ್ದ ಲಂಬಾಣಿ ತಾಂಡಾ. ನಲವತ್ತೈವತ್ತು ಮನೆ, ಸುತ್ತ ತೆಂಗಿನ ತೋಟ, ಊರ ಬಾಗಿಲಲ್ಲಿ ಒಂದು ಹುಣಸೆಮರ. ಅರಸೀಕೆರೆಯಲ್ಲಿ ಮದುವೆಗಳ ವಿಡಿಯೋ ತೆಗೆಯುತ್ತಿದ್ದ ನಮ್ಮ ತಾಂಡಾದ ಕುಮಾರಣ್ಣ, ಕ್ಯಾಮೆರಾ ಖಾಲಿ ಇದ್ದ ದಿನಗಳಲ್ಲಿ ಸುಮ್ಮನೆ ಕೂರಲಾಗದೆ ನಮ್ಮದೇ ಮನೆಮಾತು ಗೋರ್‌ಬೋಲಿಯಲ್ಲಿ ಒಂದು ಹಾಸ್ಯದ ಸೀಡಿ ಮಾಡಿದ. ಸೈಕಲ್ ಕೊಂಡು ತುಳಿಯಲು ಬಾರದೆ, ಅದನ್ನು ತಳ್ಳಿಕೊಂಡೇ ಊರೂರು ಅಲೆಯುವ ಮುದುಕನ ಕತೆ. "ಯಾಕಯ್ಯಾ ತಳ್ತೀಯ?" ಎಂದು ಕೇಳಿದವರಿಗೆಲ್ಲ ಆ ಮುದುಕ, "ಪಾಪ, ಅದು ಅಂಗಡೀಲೇ ಹುಟ್ಟಿದ್ದು, ಊರು ನೋಡಿಲ್ಲ, ತೋರಿಸ್ತಿದ್ದೀನಿ" ಅನ್ನುತ್ತಿದ್ದ.

ಆ ಬೇಸಿಗೆ ರಜೆಯ ಮೊದಲ ವಾರ, ಕುಮಾರಣ್ಣನ ಮನೆಯ ಪಡಸಾಲೆಯಲ್ಲಿ ಅದನ್ನು ಹಾಕಿದರು. ನನಗಾಗ ಹನ್ನೊಂದು ವರ್ಷ. ಹುರಿಗಡಲೆ ಬೆಲ್ಲ ತಿನ್ನುತ್ತಾ ಕೂತಿದ್ದವಳು, ಟೀವಿಯೊಳಗಿನ ಹೆಂಗಸು ಬಾಯಿ ತೆರೆದ ತಕ್ಷಣ ಅಗಿಯುವುದನ್ನೇ ನಿಲ್ಲಿಸಿದೆ. ಟೀವಿ ಅಂದರೆ ಕನ್ನಡ, ಹಿಂದಿ, ಹೆಚ್ಚೆಂದರೆ ತೆಲುಗು. ಅದಕ್ಕೆ ನಮ್ಮ ಮಾತೂ ಬರುತ್ತದೆ ಎಂದು ನಾನು ಎಣಿಸಿಯೇ ಇರಲಿಲ್ಲ. ಪಕ್ಕದ ಮನೆಯ ಮುದುಕಿ ಎದ್ದು ಹೋಗಿ ಟೀವಿಯ ಹಿಂಭಾಗ ನೋಡಿಬಂದಳು. ನಾವೆಲ್ಲ ನಕ್ಕೆವು, ಆದರೆ ನಮಗೂ ನೋಡಬೇಕು ಅನ್ನಿಸಿತ್ತು.

ಎರಡು ದಿನದಲ್ಲಿ ತಾಂಡಾದ ಮಕ್ಕಳ ಬಾಯಲ್ಲೆಲ್ಲ ಆ ಮುದುಕನ ಮಾತೇ. ಅದುವರೆಗೆ ದೊಡ್ಡವರು ನಮ್ಮ ಮಾತಿನಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ ನಾವು, ಕುಂಟೆಬಿಲ್ಲೆ ಆಡುವಾಗ, ಮಾವಿನ ಓಟೆ ಎಸೆಯುವಾಗ ಗೋರ್‌ಬೋಲಿಯಲ್ಲಿ ಬೈದಾಡತೊಡಗಿದೆವು. ಬೈಗುಳದಿಂದ ಶುರುವಾದ ವಿದ್ಯೆ ಬೇಗ ಹತ್ತುತ್ತದೆ.

ಬೇರೆ ಮಕ್ಕಳಿಗೆ ಅದು ಆಟವಾಗಿತ್ತು. ನಮ್ಮ ಮನೆಯಲ್ಲಿ ಮಾತ್ರ ಅದು ಅಪರಾಧ.

ಅಪ್ಪ ಮೇಷ್ಟ್ರು. ಬೀರೂರಿನ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದರು. ಬಾಣಾವರದವರೆಗೆ ಸೈಕಲ್, ಅಲ್ಲಿಂದ ರೈಲು, ಸಂಜೆ ಮತ್ತೆ ಹಾಗೆಯೇ ವಾಪಸು. ನನಗೆ ಸುಮಾ ಎಂದು ಹೆಸರಿಟ್ಟವರೂ ಅವರೇ. ಹಾಜರಿ ಕೂಗಿದಾಗ ಯಾವ ತಾಂಡಾ ಎಂದು ಯಾರೂ ತಿರುಗಿ ನೋಡಬಾರದು ಎಂಬುದು ಅವರ ಲೆಕ್ಕ. ಮನೆಯ ಹೊಸಿಲು ದಾಟಿದ ಮೇಲೆ ಕನ್ನಡವೇ ಆಗಬೇಕು, ಅದೂ ಪುಸ್ತಕದ ಕನ್ನಡ. ತಾಂಡಾದವರೆಲ್ಲ ಯಾಡಿ, ಅಂದರೆ ಅವ್ವ, ಎಂದು ಕರೆಯುವ ತಮ್ಮ ತಾಯಿ ಗೋಮ್ಲಿಬಾಯಿಯನ್ನು ನಾನು ಅಜ್ಜಿ ಎಂದೇ ಕರೆಯಬೇಕಿತ್ತು. ಅಜ್ಜಿಗೆ ಬರುತ್ತಿದ್ದದ್ದು ಅರಸೀಕೆರೆ ಸಂತೆಯಲ್ಲಿ ಕಲಿತ ಕನ್ನಡ. ಅದರಲ್ಲಿ ಚೌಕಾಸಿ ಮಾಡಬಹುದಿತ್ತು, ಜಗಳ ಆಡಬಹುದಿತ್ತು, ಮೊಮ್ಮಗಳಿಗೆ ಕತೆ ಹೇಳಲು ಆಗುತ್ತಿರಲಿಲ್ಲ. ಹಾಗಾಗಿ ಹುಣಸೆಮರದ ಕೆಳಗೆ ಹತ್ತು ಜನರ ಬಾಯಿ ಮುಚ್ಚಿಸುವ ಹೆಂಗಸು, ನಮ್ಮ ಮನೆಯೊಳಗೆ ಮೂಕಿಯ ಹಾಗೆ ಇರುತ್ತಿದ್ದಳು.

ಹಗಲು ಹೊತ್ತು ಅಪ್ಪ ಇಲ್ಲದಾಗ ಅಮ್ಮನೂ ಅಜ್ಜಿಯೂ ರಾಗಿ ಬೀಸುತ್ತಾ, ಹುಚ್ಚೆಳ್ಳು ಹುರಿಯುತ್ತಾ ನಮ್ಮ ಮಾತಿನಲ್ಲೇ ಹರಟುತ್ತಿದ್ದರು. ಸಂಜೆಯ ಪ್ಯಾಸೆಂಜರು ಬಾಣಾವರ ಬಿಟ್ಟು ನಮ್ಮ ತಿರುವಿಗೆ ಬಂದಾಗ ಉದ್ದಕ್ಕೆ ಕೂಗುತ್ತಿತ್ತು. ಕೂಗಿತೆಂದರೆ ಅಪ್ಪ ಇಳಿದು ಸೈಕಲ್ ಹತ್ತಿದ್ದಾರೆ, ಇನ್ನು ಇಪ್ಪತ್ತು ನಿಮಿಷ. ಅಜ್ಜಿ ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸಿ, "ಬಂದ ನಿಮ್ಮಪ್ಪ, ಬಾಯಿ ತೊಳ್ಕೋ" ಅನ್ನುತ್ತಿದ್ದಳು. ಎಷ್ಟೋ ಕತೆಗಳ ಕೊನೆ ನಾನು ಕೇಳಲೇ ಇಲ್ಲ.

ಆ ಬೇಸಿಗೆಯಲ್ಲೂ ಅಪ್ಪನಿಗೆ ಕಡೂರಿನಲ್ಲಿ ತರಬೇತಿ ಇತ್ತು, ಹಾಗಾಗಿ ದಿನವೂ ಅದೇ ರೈಲು. ಒಂದು ಸಂಜೆ ನಾನು ರೈಲಿನ ಕೂಗಿಗೆ ಕಿವಿ ಕೊಡದೆ ಅಂಗಳದಲ್ಲಿ ಸೈಕಲ್ ಮುದುಕನ ಮಾತನ್ನು ಅಭಿನಯಿಸಿ ತೋರಿಸುತ್ತಿದ್ದೆ. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಪ್ಪ ಬೇಲಿಯ ಹತ್ತಿರ ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ.

ಅವರು ಹೊಡೆಯಲಿಲ್ಲ. ಹೊಡೆದಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಒಳಗೆ ಕರೆದು, ಗೋಡೆಗೆ ಅಂಟಿಸಿದ್ದ ಪತ್ರ ತೋರಿಸಿದರು. ಹಳೇಬೀಡಿನ ಹತ್ತಿರದ ವಸತಿ ಶಾಲೆಗೆ ನಾನು ಆಯ್ಕೆಯಾಗಿದ್ದೇನೆ, ಜೂನ್ ಮೊದಲ ಸೋಮವಾರ ಸೇರಬೇಕು ಎಂಬ ಪತ್ರ.

"ನಿನ್ನ ವಯಸ್ಸಲ್ಲಿ ನಾನು ಹಾಸ್ಟೆಲ್‌ನಲ್ಲಿದ್ದೆ" ಎಂದರು. "ಊಟಕ್ಕೆ ಮುಂಚೆ ದಿನಾ ನನ್ನನ್ನ ಬೆಂಚಿನ ಮೇಲೆ ನಿಲ್ಲಿಸ್ತಿದ್ರು. ನಿನ್ನ ಭಾಷೇಲಿ ಮಾತಾಡೋ ಅಂತಿದ್ರು. ನಾನು ಮಾತಾಡ್ತಿದ್ದೆ, ಅವರು ನಗ್ತಿದ್ರು. ಅನ್ನ ತಣ್ಣಗಾಗೋವರೆಗೂ. ನಿನಗೆ ಹಾಗಾಗಬಾರದು."

ನಾನು ತಲೆಯಾಡಿಸಿದೆ. ಆಮೇಲೆ ಅವರು ಅಡುಗೆಮನೆಯ ಕಡೆ ತಿರುಗಿ, ಅಜ್ಜಿಗೆ ಕೇಳುವಷ್ಟು ಜೋರಾಗಿ ಹೇಳಿದರು: "ಇನ್ನೊಂದು ಸಲ ಈ ಮನೇಲಿ ಮಕ್ಕಳಿಗೆ ಆ ಮಾತು ಕಲಿಸಿದ್ದು ಗೊತ್ತಾದ್ರೆ, ಅವ್ವನ್ನ ಶಿವಮೊಗ್ಗಕ್ಕೆ ತಮ್ಮನ ಮನೆಗೆ ಕಳಿಸಿಬಿಡ್ತೀನಿ."

ಅಜ್ಜಿ ಒಲೆಗೆ ತೆಂಗಿನ ಮಟ್ಟೆ ತುರುಕುವ ಸದ್ದು ಕೇಳಿತು. ಶಿವಮೊಗ್ಗದ ಚಿಕ್ಕಪ್ಪನ ಮನೆ ಎರಡು ಕೋಣೆಯದು, ಮೂರನೇ ಮಹಡಿ. ಹೋದ ವರ್ಷ ನಾಲ್ಕು ದಿನ ಇದ್ದು ಬಂದು, "ಅಲ್ಲಿ ನೆಲವೇ ಇಲ್ಲ ಕಣೆ" ಎಂದಿದ್ದಳು. ನನ್ನ ಎರಡು ಮಾತಿನ ಚಟಕ್ಕೆ ಅಜ್ಜಿ ಮನೆ ಬಿಡಬೇಕಾದೀತು ಎಂದು ತಿಳಿದು, ಅಂದು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟೆ.

ಇಷ್ಟಾದ ಮೇಲೆ ನಾನು ಬುದ್ಧಿ ಕಲಿಯಬೇಕಿತ್ತು. ಆದರೆ ಕುಮಾರಣ್ಣ ಬಿಡಬೇಕಲ್ಲ.

ಮೊದಲ ಸೀಡಿಯ ಉತ್ಸಾಹದಲ್ಲಿ ಅವನು ಎರಡನೆಯದಕ್ಕೆ ಕೈ ಹಾಕಿದ್ದ. ಅದರಲ್ಲೊಂದು ಮದುವೆ. ನಮ್ಮಲ್ಲಿ ಮದುವೆಯ ಹುಡುಗಿ ತವರು ಬಿಡುವಾಗ ಮುಸುಕು ಹಾಕಿಕೊಂಡು, ಒಬ್ಬೊಬ್ಬರ ಕೊರಳು ತಬ್ಬಿ ಹಾಡುತ್ತಾ ಅಳುತ್ತಾಳೆ. ಅದಕ್ಕೆ ಢಾವ್ಲೊ ಎಂದು ಹೆಸರು. ತಾಯಿಗೊಂದು ಸಾಲು, ಅಣ್ಣನಿಗೊಂದು, ಬಾವಿಗೊಂದು, ಕಟ್ಟಿದ ಎತ್ತಿಗೊಂದು, ಕೊನೆಗೆ ಅಪ್ಪನಿಗೆ. ಮದುವೆಗೆ ತಿಂಗಳ ಮುಂಚೆಯೇ ಹಿರಿಯ ಹೆಂಗಸರು ಕೂರಿಸಿಕೊಂಡು ಕಲಿಸುತ್ತಿದ್ದರಂತೆ. ಅಷ್ಟರಲ್ಲಾಗಲೇ ತಾಂಡಾದ ಮದುವೆಗಳು ಅರಸೀಕೆರೆಯ ಛತ್ರಗಳಿಗೆ ಹೋಗಿ, ಹುಡುಗಿಯರು ಸಿನಿಮಾ ಹಾಡಿಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕುಮಾರಣ್ಣನ ನಾಯಕಿಗೂ ಢಾವ್ಲೊ ಬರುತ್ತಿರಲಿಲ್ಲ. ಬರುತ್ತಿದ್ದ ಹೆಂಗಸರು ಕೇಳಿದ ತಕ್ಷಣ ಕೆನ್ನೆ ಬಡಿದುಕೊಂಡರು. ಹುಡುಗಿ ಹೊರಡದೆ ಢಾವ್ಲೊ ಹಾಡಬಾರದು. ಸತ್ತವರ ಮುಂದೆ ಅಳುವುದೂ ಹೆಚ್ಚುಕಡಿಮೆ ಅದೇ ಧಾಟಿ. ಹೊರಡುವ ಹುಡುಗಿ ಇಲ್ಲದಿದ್ದರೆ ಬೇರೆ ಯಾರಾದರೂ ಹೊರಡುತ್ತಾರೆ ಎಂಬುದು ನಂಬಿಕೆ.

ಹೀಗಾಗಿ ಅವನ ಕಣ್ಣು ನನ್ನ ಮೇಲೆ ಬಿತ್ತು. ಶಾಲೆಯಲ್ಲಿ ಪ್ರಾರ್ಥನೆ ಹೇಳಿಕೊಡುತ್ತಿದ್ದವಳು ನಾನೇ. ವಯಸ್ಸಿಗೆ ಮೀರಿ ಉದ್ದವಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಪದ್ಧತಿಯೇ ಸರಿಯಾಗಿ ಗೊತ್ತಿಲ್ಲದ್ದರಿಂದ ನನಗೆ ಅದರ ಭಯವೂ ಇರಲಿಲ್ಲ.

"ಮುಸುಕು ಐತೆ ಕಣೆ, ಮುಖ ಕಾಣಾಕಿಲ್ಲ" ಎಂದ ಕುಮಾರಣ್ಣ. "ಬೇರೆ ಸೀನಲ್ಲೆಲ್ಲ ಅವಳೇ ಇರ್ತಾಳೆ. ಈ ಒಂದು ಸೀನಿಗೆ ನೀನು. ನಿಮ್ಮಪ್ಪಂಗೆ ಬ್ರಹ್ಮ ಬಂದು ಹೇಳಿದ್ರೂ ಗೊತ್ತಾಗಲ್ಲ."

"ಗೊತ್ತಾದ್ರೆ ಅಜ್ಜೀನ ಶಿವಮೊಗ್ಗಕ್ಕೆ ಕಳಿಸ್ತಾರೆ."

"ರೈಲು ಬರೋದು ಐದೂವರೆಗೆ. ನಾನು ನಾಲ್ಕಕ್ಕೆ ಮುಗಿಸ್ತೀನಿ. ಹೋಗು, ಯಾಡಿ ಹತ್ರ ಕಲ್ತ್ಕೊಂಡು ಬಾ."

ಹೇಳುವುದು ಸುಲಭ. ನಾನು ಹೋಗಿ ಕೇಳಿದಾಗ ಅಜ್ಜಿ ಕೊಬ್ಬರಿ ಅಟ್ಟದಲ್ಲಿದ್ದಳು. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ವರ್ಷವಿಡೀ ಇಟ್ಟು ಒಣಗಿಸುತ್ತಾರೆ. ಒಳಗಿನ ನೀರು ಬತ್ತಿ, ಅಲ್ಲಾಡಿಸಿದರೆ ಗಿಟಗಿಟ ಎಂದರೆ ಕೊಬ್ಬರಿಯಾಯಿತು ಎಂದರ್ಥ. ಅಜ್ಜಿ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ನನ್ನ ಮಾತು ಕೇಳಿ ಕೈಯಲ್ಲಿದ್ದ ಕಾಯಿಯನ್ನು ದೊಪ್ಪನೆ ಕೆಳಗಿಟ್ಟಳು.

"ಆಟಕ್ಕೆ ಹಾಡೋದಾ ಅದು? ಹುಚ್ಚುಮುಂಡೇದೆ. ಮನೇಲಿ ಒಬ್ಬಳು ಮುದುಕಿ ಇದ್ದೀನಿ, ಯಾರು ಹೋಗಬೇಕು ಅಂತ ಹಾಡ್ತೀಯ?"

ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಮಧ್ಯಾಹ್ನ ಅವಳೇ ಅಟ್ಟದಿಂದ ಕೂಗಿದಳು. ನಾನು ಏಣಿ ಹತ್ತಿ ಹೋದೆ. ಹೆಂಚಿನ ಬಿಸಿ, ಒಣಗುವ ಕೊಬ್ಬರಿಯ ಸಿಹಿ ಎಣ್ಣೆವಾಸನೆ. ಅಜ್ಜಿ ನನ್ನನ್ನು ಎದುರು ಕೂರಿಸಿಕೊಂಡಳು.

"ಹೊರಡೋ ಹುಡುಗಿ ಬೇಕು ತಾನೆ?" ಎಂದಳು. "ಬರೋ ತಿಂಗಳು ನೀನು ಹೊಯ್ತಾ ಇದ್ದೀಯಲ್ಲ."

ನನಗೆ ಅದು ಹೊಳೆದೇ ಇರಲಿಲ್ಲ. ಹಾಸ್ಟೆಲ್ ಅಂದರೆ ಹೊಸ ಟ್ರಂಕು, ಹೊಸ ತಟ್ಟೆ ಲೋಟ ಅಷ್ಟೇ ಎಂದುಕೊಂಡಿದ್ದೆ.

"ಮದುವೆಗಾದ್ರೆ ಏನು, ಇಸ್ಕೂಲಿಗಾದ್ರೆ ಏನು. ಹೋದೋಳು ಹೋದಂಗೇ. ನಿಮ್ಮಪ್ಪ ಹೋದವನು ಬಂದ್ನಾ? ಬೇರೆ ಯಾವನೋ ಬಂದ" ಎಂದಳು. ಅಪ್ಪನ ಬಗ್ಗೆ ಅವಳು ಅಷ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ಬೆರಳೆತ್ತಿ, "ಒಂದೇ ಸಲ ಹಾಡಬೇಕು. ಆ ಕುಮಾರ ಚೆನ್ನಾಗಿ ಬರ್ಲಿಲ್ಲ, ಇನ್ನೊಂದ್ಸಲ ಅಂದ್ರೆ ಇಲ್ಲ ಅನ್ನು. ಒಂದು ಹೋಗೋದಕ್ಕೆ ಒಂದೇ ಢಾವ್ಲೊ" ಎಂದಳು.

ಹತ್ತು ದಿನ ನಡೆಯಿತು ಆ ಪಾಠ. ಕೆಳಗೆ ಅಮ್ಮ ಕಾವಲು. ಅಮ್ಮನಿಗೆ ಅಪ್ಪನ ಭಯ ನನಗಿಂತ ಹೆಚ್ಚು. ಆದರೂ ಬೇಡ ಅನ್ನಲಿಲ್ಲ. ಮಧ್ಯಾಹ್ನ ಮೂರರ ಮೇಲೆ ಒರಳಿನ ಹತ್ತಿರ ಕೂತು, ರಸ್ತೆಯ ಕಡೆ ಕಣ್ಣಿಟ್ಟು, ಕುಟ್ಟುವುದಕ್ಕೇನೂ ಇಲ್ಲದಿದ್ದರೂ ಕುಟ್ಟುತ್ತಿದ್ದಳು. ಮೇಲೆ ಅಜ್ಜಿ ಒಂದು ಸಾಲು ಹೇಳಿ ಅಳುತ್ತಿದ್ದಳು, ನಾನು ಅದನ್ನು ಹೇಳಿ ಅಳಬೇಕು. ನನಗೆ ಅಳು ಬರುತ್ತಿರಲಿಲ್ಲ, ನಗು ಬರುತ್ತಿತ್ತು. ನಾಲಗೆಯೂ ಹೊರಳುತ್ತಿರಲಿಲ್ಲ. "ಬಾಯಲ್ಲಿ ಮುದ್ದೆ ಇಟ್ಕೊಂಡಂಗೆ ಅಂತೀಯಲ್ಲೇ" ಎಂದು ಅಜ್ಜಿ ಗದರುತ್ತಿದ್ದಳು. ಆದರೆ ಆ ಹತ್ತು ದಿನ ಅವಳು ನನ್ನ ಜೊತೆ ಪೂರ್ತಿ ನಮ್ಮ ಮಾತಿನಲ್ಲೇ ಮಾತಾಡಿದಳು. ಸಂತೆ ಕನ್ನಡದ ಅಜ್ಜಿಯ ಒಳಗೆ ಇಷ್ಟು ತುಂಟ, ಇಷ್ಟು ಜಾಣ ಹೆಂಗಸೊಬ್ಬಳು ಇದ್ದಳೆಂದು ನನಗೆ ತಿಳಿದದ್ದು ಆಗ. ಮದುವೆಯಾಗಿ ಎತ್ತಿನ ಗಾಡಿಯಲ್ಲಿ ಬಂದ ದಿನ, ಮಾಲೇಕಲ್ಲು ಬೆಟ್ಟ ಕಂಡು ತವರಿನ ಬೆಟ್ಟವೇ ಜೊತೆಗೆ ಬಂದಿದೆ ಎಂದುಕೊಂಡಳಂತೆ. ಆ ಕತೆಯ ಕೊನೆಯನ್ನೂ ಕೇಳಿದೆ. ಅಪ್ಪನ ಸಾಲನ್ನು ಕೊನೆಯ ಎರಡು ದಿನ ಕಲಿಸಿದಳು. ಅದನ್ನು ಹೇಳುವಾಗ ಮಾತ್ರ ನನಗೂ ಕಣ್ಣು ತುಂಬಿತು. ಅಷ್ಟು ನೆನಪಿದೆ.

ರೈಲು ಕೂಗಿದ ಕೂಡಲೇ ಏಣಿ ಇಳಿಯುತ್ತಿದ್ದೆವು. ಒಂದು ಸಂಜೆ ಅಪ್ಪ ಕೈಕಾಲು ತೊಳೆದು, ತಲೆ ಎತ್ತಿ ಅಟ್ಟದ ಕಡೆ ನೋಡಿ, "ಮಗು ತಲೇಲಿ ಜೇಡರ ಬಲೆ ಯಾಕಿದೆ?" ಎಂದರು. ಅಜ್ಜಿ ತನ್ನ ಸಂತೆ ಕನ್ನಡದಲ್ಲಿ, "ಕಾಯಿ ಅಲ್ಲಾಡ್ಸಾಕೆ ಕರ್ಕೊಂಡಿದ್ದೆ ಕಣಪ್ಪ, ನಂಗೆ ಕಿವಿ ಮಂದ ಆಗೈತೆ" ಎಂದಳು. ಅವಳ ಕಿವಿ ನಾಯಿಯ ಕಿವಿಗಿಂತ ಚುರುಕಾಗಿತ್ತು. ಅಪ್ಪ ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಚಿತ್ರೀಕರಣ ಶನಿವಾರ, ಹುಣಸೆಮರದ ಕೆಳಗೆ. ನನಗೆ ಅಜ್ಜಿಯದೇ ಹಳೆಯ ಕನ್ನಡಿ ಹೊಲಿದ ಫೇಟಿಯಾ ಲಂಗ ಉಡಿಸಿದರು. ಎರಡು ಸುತ್ತು ಮಡಿಸಿ ಕಟ್ಟಿದರೂ ಅದರ ಭಾರಕ್ಕೆ ಸೊಂಟ ಬಾಗುತ್ತಿತ್ತು. ಕರ್ಪೂರ, ಹಳೇ ಬೆವರು, ಟ್ರಂಕಿನ ಕಬ್ಬಿಣ ಎಲ್ಲದರ ವಾಸನೆ. ಮೇಲೆ ಮುಸುಕು. ಮುಸುಕಿನ ಅಂಚಿನಡಿ ನನಗೆ ಕಾಣುತ್ತಿದ್ದದ್ದು ಎದುರಿಗಿದ್ದವರ ಪಾದಗಳು ಮಾತ್ರ. ಕುಮಾರಣ್ಣನ ಕ್ಯಾನ್ವಾಸ್ ಬೂಟು, ಅಮ್ಮನ ಕಾಲುಂಗುರ, ಅಜ್ಜಿಯ ಬಿರುಕುಬಿಟ್ಟ ಹಿಮ್ಮಡಿ.

ಕ್ಯಾಮೆರಾದ ಬ್ಯಾಟರಿ ಕೈಕೊಟ್ಟಿತು. ಚಾರ್ಜಿಗೆ ಹಾಕಿದರೆ ಕರೆಂಟಿಲ್ಲ. ಮೂರಾಯಿತು, ಮೂರೂವರೆಯಾಯಿತು. ನಾನು ಮುಸುಕಿನೊಳಗೆ ಬೇಯುತ್ತಾ ರೈಲಿನ ಸಮಯ ಲೆಕ್ಕ ಹಾಕುತ್ತಿದ್ದೆ. ನಾಲ್ಕೂಕಾಲಿಗೆ ಕರೆಂಟು ಬಂದು, ಕುಮಾರಣ್ಣ, "ರೈಲಿಗೆ ಇನ್ನೂ ಮುಕ್ಕಾಲು ಗಂಟೆ ಐತೆ, ಹೆದರಬ್ಯಾಡ, ಶುರು ಮಾಡು" ಎಂದಾಗ ನಾಲ್ಕೂ ಮುಕ್ಕಾಲು.

ತಾಯಿಯ ಸಾಲಿನಿಂದ ಎತ್ತಿಕೊಂಡೆ. ಅಮ್ಮನ ಕೊರಳು ತಬ್ಬಿದಾಗ ಅವಳು ನನ್ನನ್ನು ಬಿಡದೆ ಅವುಚಿಕೊಂಡಳು. ಅಭಿನಯ ಅಂದುಕೊಂಡಿದ್ದು ಅಷ್ಟಕ್ಕೇ ಮುಗಿಯಿತು. ಸೋಮವಾರ ನಾನು ನಿಜವಾಗಿ ಹೋಗುತ್ತೇನೆ, ಬೆಳಿಗ್ಗೆ ಎದ್ದರೆ ಈ ಕೊರಳು ಇರುವುದಿಲ್ಲ ಎಂದು ಹೊಳೆದು ನಾನು ಬಿಕ್ಕಿದೆ. ಢಾವ್ಲೊಗೆ ಇನ್ನೊಂದು ಕಟ್ಟಳೆಯಿದೆ. ಕೇಳಿದ ಹೆಂಗಸು ಸುಮ್ಮನಿರುವಂತಿಲ್ಲ, ಬಂದು ತಬ್ಬಿ ತಾನೂ ದನಿಗೂಡಿಸಬೇಕು. ಶೂಟಿಂಗ್ ವಿಷಯ ತಿಳಿಯದ ಆಚೆ ಸಾಲಿನ ಮುದುಕಿಯರು, ಯಾರದೋ ಮಗಳು ಹೊರಟಿದ್ದಾಳೆ ಎಂದು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದರು. ಒಬ್ಬಳ ಕೈಯೆಲ್ಲ ಸಗಣಿ, ಒಬ್ಬಳ ಕೈಯಲ್ಲಿ ಹಿಟ್ಟು. ಬಂದವರು ಬಂದಹಾಗೆ ನನ್ನನ್ನು ತಬ್ಬಿ ಅಳತೊಡಗಿದರು. ಎಷ್ಟೋ ವರ್ಷಗಳಿಂದ ಅವರಿಗೆ ಹಾಗೆ ಅಳಲು ಮದುವೆಗಳೇ ಸಿಕ್ಕಿರಲಿಲ್ಲ.

ಬಾವಿ ಆಯಿತು, ಎತ್ತು ಆಯಿತು. ಇನ್ನು ಅಪ್ಪನ ಸಾಲು. ಅಪ್ಪನ ಪಾತ್ರಕ್ಕೆ ಕುಮಾರಣ್ಣ ನಿಲ್ಲಿಸಿದ್ದ ಮುದುಕನ ಕಡೆ ತಿರುಗಿದೆ. ಮುಸುಕಿನಡಿ ಬೇರೆ ಪಾದಗಳು ಕಂಡವು. ಕಂದು ಚಪ್ಪಲಿ, ಎಡಗಾಲಿನದಕ್ಕೆ ಕಪ್ಪು ದಾರದ ಹೊಲಿಗೆ, ಪ್ಯಾಂಟಿನ ತುದಿಗೆ ಸೈಕಲ್ ಸರಪಳಿಯ ಎಣ್ಣೆ.

ತರಬೇತಿ ಬೇಗ ಮುಗಿದು ಅಪ್ಪ ಬಾಣಾವರದವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಸೈಕಲ್ ಹತ್ತಿ ಬಂದುಬಿಟ್ಟಿದ್ದರು.

ನನ್ನ ತಲೆ ಖಾಲಿಯಾಯಿತು. ಅಜ್ಜಿ, ಶಿವಮೊಗ್ಗ, ಮೂರನೇ ಮಹಡಿ, ಇಷ್ಟೇ. ಎರಡು ದಿನ ಅಟ್ಟದಲ್ಲಿ ಕೂತು ಕಲಿತ ಸಾಲಿನ ಒಂದಕ್ಷರವೂ ಇಲ್ಲ. ಹಿಂದಿನಿಂದ ಮುದುಕಿಯರು, "ಅಪ್ಪನ ಕೊರಳು ಹಿಡಿ, ಹಿಡಿ" ಎಂದು ನನ್ನನ್ನು ನೂಕುತ್ತಿದ್ದರು. ಅವರ ಪಾಲಿಗೆ ಅಪ್ಪ ಬಂದದ್ದು ಸರಿಯಾದ ಸಮಯಕ್ಕೇ. ನಾನು ಹೋಗಿ ಅವರ ಕೊರಳು ಹಿಡಿದೆ. ಧಾಟಿ ಬಾಯಲ್ಲಿತ್ತು, ಮಾತಿರಲಿಲ್ಲ. ಎದೆಯಲ್ಲಿದ್ದದ್ದೇ ನಮ್ಮ ಮಾತಿನಲ್ಲಿ ಧಾಟಿ ಹಿಡಿದು ಹೊರಬಂತು:

"ಬಾಣಾವರದ ರೈಲೇ, ನೀನ್ಯಾಕೆ ಕೂಗಲಿಲ್ಲ? ಬಾಣಾವರದ ರೈಲೇ, ನೀನು ಮೊದಲೇ ಯಾಕೆ ಹೇಳಲಿಲ್ಲ?"

ಸುತ್ತಲಿದ್ದ ಹೆಂಗಸರು ಅದನ್ನೂ ಎತ್ತಿಕೊಂಡು ಇನ್ನಷ್ಟು ಅತ್ತರು. ತಮ್ಮ ಕಾಲದಲ್ಲಿ ಗಾಡಿ, ಈಗಿನ ಹುಡುಗಿಯನ್ನು ರೈಲು ಒಯ್ಯುತ್ತದೆ ಎಂದು ಅವರು ಅರ್ಥ ಮಾಡಿಕೊಂಡಿರಬೇಕು. ನಾನು ಏನು ಹೇಳಿದೆ ಎಂಬುದು ಅಲ್ಲಿ ಮೂವರಿಗೆ ಗೊತ್ತಿತ್ತು. ಅಮ್ಮನಿಗೆ, ಅಜ್ಜಿಗೆ. ಆಮೇಲೆ ಅಪ್ಪನಿಗೆ. ನನ್ನ ಕೈಗಳ ನಡುವೆ ಅವರ ಕೊರಳು ಕಲ್ಲಿನಂತೆ ಬಿಗಿಯಿತು. ಸಂಜೆ ಸಂಜೆ ತನ್ನ ಮನೆಯಲ್ಲಿ ಏನು ನಡೆಯುತ್ತಿತ್ತು, ತಾನು ಒಳಗೆ ಬಂದಾಗ ಎಲ್ಲರೂ ಯಾಕೆ ಅಷ್ಟು ಅಚ್ಚುಕಟ್ಟಾಗಿ ಕೂತಿರುತ್ತಿದ್ದರು ಎಂಬುದು ಆ ಒಂದು ಸಾಲಿನಿಂದ ಅವರಿಗೆ ತಿಳಿದುಹೋಯಿತು.

ಅಜ್ಜಿ ಮುಂದೆ ಬಂದು, ಮಗನ ಕೈ ಎತ್ತಿ ನನ್ನ ತಲೆಯ ಮೇಲೆ ಇಟ್ಟಳು. ಹೊರಡುವ ಮಗಳ ತಲೆಯ ಮೇಲೆ ಅಪ್ಪ ಕೈಯಿಡದೆ ಢಾವ್ಲೊ ಮುಗಿಯುವುದಿಲ್ಲ. ಕೈ ಅಲ್ಲೇ ಇತ್ತು, ಬಹಳ ಹೊತ್ತು ಇತ್ತು. ಆಮೇಲೆ ಅವರು ಸೈಕಲ್ ತಳ್ಳಿಕೊಂಡು ಮನೆಯ ಕಡೆ ಹೋದರು. ತುಳಿಯಲಿಲ್ಲ.

ಕುಮಾರಣ್ಣ ಕ್ಯಾಮೆರಾ ನಿಲ್ಲಿಸಿರಲಿಲ್ಲ. "ಅಪ್ಪನ ಸಾಲು ತಪ್ಪಿದೆ" ಎಂದು ನಾನು ಅಳುತ್ತಲೇ ಹೇಳಿದೆ. ಅವನು ಅಜ್ಜಿಯ ಮುಖ ನೋಡಿದ. ಅಜ್ಜಿ, "ಒಂದೇ ಸಲ ಅಂದಿದ್ನಲ್ಲ" ಎಂದು ಹೇಳಿ ನನ್ನ ಫೇಟಿಯಾ ಬಿಚ್ಚಲು ಶುರು ಮಾಡಿದಳು. ಐದೂವರೆಗೆ ರೈಲು ಬಂದು ಯಾವತ್ತಿನಂತೆ ಕೂಗಿತು. ಯಾರೂ ಬಾಯಿ ತೊಳೆಯಲು ಏಳಲಿಲ್ಲ.

ಮನೆಯಲ್ಲಿ ಆ ಸಂಜೆಯೂ ಮರುದಿನವೂ ಅಪ್ಪ ಮಾತಾಡಲಿಲ್ಲ. ಅಜ್ಜಿ ತನ್ನ ಸೀರೆ ಕುಪ್ಪಸ ಮಡಿಸಿ ಚೀಲಕ್ಕೆ ಹಾಕಿ ಬಾಗಿಲ ಹಿಂದೆ ಇಟ್ಟುಕೊಂಡಿದ್ದಳು. ಹೋಗು ಎಂದರೆ ತಡವಾಗಬಾರದಲ್ಲ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಸೋಮವಾರ ಅರಸೀಕೆರೆಯಿಂದ ಹಳೇಬೀಡಿನ ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ನನ್ನನ್ನು ಕೂರಿಸಿ, ಟ್ರಂಕು ತೊಡೆಯ ಮೇಲಿಟ್ಟುಕೊಂಡು ಕೂತರು. ದಾರಿಯಲ್ಲಿ ಕೇಳಿಯೇಬಿಟ್ಟೆ.

"ಅಪ್ಪ, ಅಜ್ಜಿ ಶಿವಮೊಗ್ಗಕ್ಕೆ ಹೋಗ್ತಾರಾ?"

ಅವರು ಕಿಟಕಿಯ ಆಚೆ ನೋಡುತ್ತಾ, "ಇಲ್ಲ" ಎಂದರು.

ಮೊದಲ ತಿಂಗಳು ಅಮ್ಮ ನೋಡಲು ಬಂದಾಗ ಒಂದು ಸುದ್ದಿ ಹೇಳಿದಳು. ಅಪ್ಪ ಸಂಜೆ ಬರುವಾಗ ಹುಣಸೆಮರದ ಹತ್ತಿರದಿಂದಲೇ ಸೈಕಲ್ ಬೆಲ್ ಹೊಡೆಯುತ್ತಾರಂತೆ. ಅಡ್ಡ ಯಾರೂ ಇರುವುದಿಲ್ಲ, ಆದರೂ ಟ್ರಿಣ್ ಟ್ರಿಣ್ ಎನ್ನುತ್ತಾ ಮನೆಯವರೆಗೆ ಬರುತ್ತಾರಂತೆ. "ರೈಲು ಕೂಗಿದ್ರೂ ಬೆಲ್ ಹೊಡೀತಾರೆ ಕಣೆ" ಎಂದು ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ನನಗೂ ನಗು ಬಂತು. ಮನೆಯಲ್ಲಿ ಕನ್ನಡವೇ ಆಗಬೇಕೆಂಬ ಕಟ್ಟಳೆ ತೆಗೆದುಹಾಕಲು ಅವರಿಗೆ ಆಗಲಿಲ್ಲ, ಸುಮ್ಮನಾಗಲು ಮನೆಯವರಿಗೆ ಸಮಯ ಕೊಡುತ್ತಿದ್ದರು.

ಇದೆಲ್ಲ ಆಗಿ ಇಪ್ಪತ್ತು ವರ್ಷದ ಮೇಲಾಯಿತು. ಅಜ್ಜಿ ನಾನು ಹತ್ತನೇ ತರಗತಿಯಲ್ಲಿದ್ದಾಗ ತೀರಿಕೊಂಡಳು, ನಮ್ಮ ಅಟ್ಟದ ಕೆಳಗೇ. ಈಗ ನಾನು ಬೇಲೂರಿನಲ್ಲಿ ಕೆಲಸದಲ್ಲಿದ್ದೇನೆ, ಮನೆ ಅಲ್ಲೇ ಹತ್ತಿರದ ಹಗರೆಯಲ್ಲಿ. ಅಪ್ಪ ಅಮ್ಮ ನಮ್ಮ ಜೊತೆಗಿದ್ದಾರೆ. ಕುಮಾರಣ್ಣನ ಎರಡನೇ ಸೀಡಿ ಮೊದಲನೆಯದರಷ್ಟು ಓಡಲಿಲ್ಲ. ಆದರೆ ಆ ಢಾವ್ಲೊದ ತುಂಡನ್ನು ಯಾರೋ ಮೊಬೈಲಿಗೆ ಹಾಕಿದರು. ಅದು ಕೈಯಿಂದ ಕೈಗೆ ಹೋಗಿ, ನಾನು ಹೆಸರೂ ಕೇಳಿರದ ತಾಂಡಾಗಳನ್ನು ಮುಟ್ಟಿತು. ಹುಡುಗಿಯರು ಅದನ್ನು ಕೇಳಿ ಕಲಿತರು. ಬಿಟ್ಟುಹೋಗಿದ್ದ ಢಾವ್ಲೊ ಛತ್ರಗಳಿಗೆ ವಾಪಸು ಬಂತು. ಗೋರ್‌ಬೋಲಿಯೇ ಬಾರದ ಹುಡುಗಿಯರು ಅದೊಂದನ್ನು ತಪ್ಪಿಲ್ಲದೆ ಹೇಳುತ್ತಾರೆ, ಆಮೇಲೆ ಅರ್ಥ ಕೇಳಿ ನಾಲ್ಕು ಮಾತು ಕಲಿಯುತ್ತಾರೆ. ಕುಮಾರಣ್ಣ ಈಗಲೂ ಎದೆಯುಬ್ಬಿಸಿ ಹೇಳಿಕೊಳ್ಳುತ್ತಾನೆ, ಹೇಳಿಕೊಳ್ಳಲಿ. ಅವನ ಸೈಕಲ್ ಮುದುಕನೂ ನನ್ನ ಮುಸುಕೂ ಮಾಡಿದ್ದನ್ನು ಬೇರೆ ಯಾವುದೂ ಮಾಡಲಿಲ್ಲ.

ಹೋದ ತಿಂಗಳು ದೂರದ ನೆಂಟರ ಮದುವೆಗೆ ಹೋಗಿದ್ದೆ. ರೈಲನ್ನೇ ಕಾಣದ ಊರು ಅದು. ಮುಸುಕು ಹಾಕಿದ ಹುಡುಗಿ ಅಪ್ಪನ ಕೊರಳು ಹಿಡಿದು, ಬಾಣಾವರದ ರೈಲೇ, ನೀನ್ಯಾಕೆ ಕೂಗಲಿಲ್ಲ ಎಂದು ಹಾಡಿದಳು. ಅವಳಪ್ಪ ಮಗುವಿನ ಹಾಗೆ ಅತ್ತ. ಪಕ್ಕದಲ್ಲಿದ್ದ ಒಬ್ಬ ಹುಡುಗಿ, "ಅಕ್ಕಾ, ಬಾಣಾವರ ಅಂದ್ರೆ ಹಳೇ ಕಾಲದ ಊರಾ?" ಎಂದು ಕೇಳಿದಳು. ಹೌದು ಎಂದೆ. ಆ ಸಾಲು ನನ್ನ ಭಯದ್ದು, ಅಜ್ಜಿ ಕಲಿಸಿದ್ದು ಬೇರೆ ಎಂದು ಹೇಳಬಹುದಿತ್ತು. ಆ ಬೇರೆ ಯಾವುದು ಎಂದು ಕೇಳಿದರೆ? ನನಗೆ ನೆನಪಿಲ್ಲ. ಅಮ್ಮನಿಗೆ ಬರುವುದು ಅವಳ ತವರು ತಾಂಡಾದ ಸಾಲು, ಅದು ಬೇರೆ. ದನಿಗೂಡಿಸಿದ ಮುದುಕಿಯರಲ್ಲಿ ಒಬ್ಬರೂ ಇಲ್ಲ.

ಮನೆಗೆ ಬಂದಾಗ ಅಪ್ಪ ಜಗುಲಿಯ ಮೇಲೆ ಕೂತು ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದರು. ದಿನವೂ ನೋಡುತ್ತಾರೆ. ಅದರಲ್ಲಿ ಅವರ ಅವ್ವ ಇದ್ದಾಳೆ. ನಾನು ಪಕ್ಕದಲ್ಲಿ ಕೂತೆ.

"ಅಪ್ಪ, ಅಪ್ಪನಿಗೆ ಅಂತ ಒಂದು ಸಾಲಿತ್ತಲ್ಲ, ಅಜ್ಜಿ ಹೇಳೋದು. ನಿಮಗೆ ಗೊತ್ತಾ?"

ಅವರು ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ತೀರ್ಕೊಂಡ್ಲಲ್ಲ ನಿಮ್ಮತ್ತೆ, ನನ್ನ ತಂಗಿ, ಅವಳು ತನ್ನ ಮದುವೇಲಿ ಹೇಳಿದ್ಲು, ನಮ್ಮಪ್ಪನ ಕೊರಳು ಹಿಡಿದು. ನಾನು ಅಲ್ಲೇ ನಿಂತಿದ್ದೆ. ಕಾಲೇಜಿಂದ ಬಂದಿದ್ದೆ ನೋಡು, ಕಿವಿ ಕೊಡಲಿಲ್ಲ."

ಮೊಬೈಲಿನಲ್ಲಿ ನನ್ನ ಹನ್ನೊಂದು ವರ್ಷದ ದನಿ ರೈಲನ್ನು ಬೈಯುತ್ತಿತ್ತು. ಅಪ್ಪ ಅದು ಮುಗಿಯುವವರೆಗೆ ಕಾದರು. ಆಮೇಲೆ ಬಹಳ ನಿಧಾನವಾಗಿ, ನಾನು ಅವರ ಬಾಯಲ್ಲಿ ಹಿಂದೆಂದೂ ಕೇಳಿರದ ನಮ್ಮ ಮಾತಿನಲ್ಲಿ, ಒಂದೊಂದು ಶಬ್ದಕ್ಕೂ ತಡಕಾಡುತ್ತಾ ಹೇಳಿದರು.

"ನೀನು ಹಾಡಿದ ಮೇಲಾದ್ರೂ ಬೆಲ್ ಹೊಡೀದೆ, ಅವ್ವ ಮಾತಾಡ್ತಿರುವಾಗಲೇ ಒಳಗೆ ಬರಬೇಕಾಗಿತ್ತು ಮಗಳೇ."